ಯಂತ್ರಕ್ಕಿಂತ ಮೊದಲು ಗಂಟೆಗಳ ಲೆಕ್ಕ

ಜನವರಿ ಬಂತೆಂದರೆ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆಯ ವರ್ಕ್‌ಶಾಪ್ ಮಾಲೀಕರೆಲ್ಲ ತುಮಕೂರು ರಸ್ತೆಯ ಕಡೆ ಮುಖ ಮಾಡುತ್ತಾರೆ. ಮಾದಾವರದ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಇಮ್‌ಟೆಕ್ಸ್ ಮೇಳ ನಡೆಯುವ ತಿಂಗಳು ಅದು. ಸಾಮಾನ್ಯವಾಗಿ ಒಂದು ವರ್ಷ ಲೋಹ ಕತ್ತರಿಸುವ ಯಂತ್ರಗಳು, ಮರುವರ್ಷ ತಗಡು ಬಗ್ಗಿಸುವ, ಒತ್ತುವ ಯಂತ್ರಗಳು. 2024ರ ನವೆಂಬರಿನಲ್ಲಿ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ರಾಜಾಜಿನಗರದಲ್ಲಿ ರೈಲು ಹತ್ತಿದವರು ನೇರವಾಗಿ ಮೇಳದ ಬಾಗಿಲಲ್ಲೇ ಇಳಿಯಬಹುದು. ಹಿಂದಿರುಗುವಾಗ ಚೀಲದ ತುಂಬ ಕ್ಯಾಟಲಾಗ್, ಜೇಬಿನ ತುಂಬ ವಿಸಿಟಿಂಗ್ ಕಾರ್ಡ್. ವಾರದೊಳಗೆ ವಾಟ್ಸ್ಆ್ಯಪ್‌ಗೆ ಕೊಟೇಶನ್ ಬರುತ್ತದೆ, ಬ್ಯಾಂಕಿನವರ ಫೋನೂ ಬರುತ್ತದೆ. ಹೀಗೆ ಬಂದ ಕೊಟೇಶನ್ನೇ ಎಷ್ಟೋ ಸಣ್ಣ ಕಂಪನಿಗಳಿಗೆ ಆ ವರ್ಷದ ತಂತ್ರಜ್ಞಾನ ಯೋಜನೆ ಆಗಿಬಿಡುತ್ತದೆ.

ಹೊಸ ಯಂತ್ರದ ಆಸೆ ತಪ್ಪಲ್ಲ. ಲೇತಿನ ಮುಂದೆ ನಿಂತು ಬದುಕು ಕಟ್ಟಿದವರಿಗೆ ಯಂತ್ರದ ಮೇಲೆ ಪ್ರೀತಿ ಇರಲೇಬೇಕು. ಆದರೆ ಏನು ಕೊಳ್ಳಬೇಕು ಎಂಬುದು ಯೋಜನೆಯ ಕೊನೆಯ ಪ್ರಶ್ನೆ. ಈಗಿರುವ ಯಂತ್ರಗಳ ಹೊತ್ತು ಎಲ್ಲಿ ಸೋರಿಹೋಗುತ್ತಿದೆ, ಕೆಲಸದ ಗುಟ್ಟು ಯಾರ ತಲೆಯಲ್ಲಿ ಮಾತ್ರ ಕುಳಿತಿದೆ ಎಂಬ ಎರಡಕ್ಕೆ ಉತ್ತರ ಸಿಗದೆ ಕೊಂಡ ಯಂತ್ರ ಹಳೆಯ ತೊಂದರೆಯನ್ನೇ ಹೊಸ ಸಾಲದ ಮೇಲೆ ಮುಂದುವರಿಸುತ್ತದೆ. 2026-27ರ ಆರ್ಥಿಕ ವರ್ಷ ಹತ್ತಿರ ಬಂದಿರುವ ಈ ಹೊತ್ತಿನಲ್ಲಿ ಇದನ್ನು ಬಿಡಿಸಿ ಹೇಳಬೇಕೆನಿಸುತ್ತದೆ.

ಸಣ್ಣ ಕೈಗಾರಿಕೆಗೆ ಸಂಬಂಧಪಟ್ಟ ಸಂಸ್ಥೆಗಳು ಪಶ್ಚಿಮ ಬೆಂಗಳೂರಿನಷ್ಟು ಒತ್ತೊತ್ತಾಗಿ ಇರುವ ಜಾಗ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ. 1949ರಲ್ಲಿ ಹುಟ್ಟಿದ ಕಾಸಿಯಾ, ಅಂದರೆ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘದ ಕಚೇರಿ ವಿಜಯನಗರದಲ್ಲಿದೆ. ರಾಜಾಜಿನಗರ ಕೈಗಾರಿಕಾ ಬಡಾವಣೆಯಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವಿದೆ, ಕೇಂದ್ರ ಸರ್ಕಾರದ ಎಂಎಸ್‌ಎಂಇ ಕಚೇರಿಯಿದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ, ಜನರ ಬಾಯಲ್ಲಿ ಜಿಟಿಟಿಸಿ, ಅಲ್ಲೇ ಇದೆ. ತುಮಕೂರು ರಸ್ತೆಗೆ ಬಂದರೆ 1962ರ ಸಿಎಂಟಿಐ, ಅಂದರೆ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಪೀಣ್ಯಕ್ಕೆ ಹೋದರೆ 1979ರಲ್ಲಿ ಶುರುವಾದ ಏಸ್ ಡಿಸೈನರ್ಸ್‌ನಂಥ ಸಿಎನ್‌ಸಿ ಯಂತ್ರ ತಯಾರಕರು.

ಇದೇ ಪಶ್ಚಿಮದ ಇನ್ನೊಂದು ತುದಿಯಲ್ಲಿ, ಕೆಂಗೇರಿ ಬಳಿಯ ಗ್ಲೋಬಲ್ ವಿಲೇಜ್‌ನಲ್ಲಿ, 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಬೆಳೆಯಿತು. 2022ರ ನವೆಂಬರಿನಲ್ಲಿ ಅದು ಎಲ್‌ಟಿಐ ಜೊತೆ ವಿಲೀನವಾಯಿತು. ಅಂಥ ಕಂಪನಿಗಳಲ್ಲಿ ಕುಳಿತವರು ಅಮೆರಿಕದ ಬ್ಯಾಂಕಿಗೆ, ಯೂರೋಪಿನ ವಿಮೆ ಕಂಪನಿಗೆ ಮುಂದಿನ ವರ್ಷ ಯಾವ ಸಾಫ್ಟ್‌ವೇರ್ ಬೇಕು, ಯಾವುದನ್ನು ಕೈಬಿಡಬೇಕು ಎಂದು ಬರೆದುಕೊಡುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮಾಗಡಿ ರಸ್ತೆಯ ಶೆಡ್ಡಿನಲ್ಲಿ ಮಾಲೀಕರೇ ಸೇಲ್ಸು, ಮಾಲೀಕರೇ ಪರ್ಚೇಸು, ರಾತ್ರಿ ಪಾಳಿಯಲ್ಲಿ ಸೆಟ್ಟರ್ ಬರದಿದ್ದರೆ ಮಾಲೀಕರೇ ಸೆಟ್ಟರು. ಅವರಿಗೆ ಕುಳಿತು ಯೋಚಿಸಲು ಅರ್ಧ ದಿನ ಸಿಗುವುದೇ ದೊಡ್ಡದು. ಅದಕ್ಕೇ ಅವರ ಯೋಜನೆ ಚಿಕ್ಕದಾಗಿರಬೇಕು, ಕೈಗೆಟುಕುವಂತಿರಬೇಕು, ಒಂದು ಹಾಳೆಯಲ್ಲಿ ಹಿಡಿಸಬೇಕು.

ಚಿಪ್ಸ್ ಉದುರುವುದು ಎಷ್ಟು ಹೊತ್ತು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂವತ್ತು ಲಕ್ಷ ರೂಪಾಯಿಯ ವಿಎಂಸಿ, ಅಂದರೆ ವರ್ಟಿಕಲ್ ಮಷಿನಿಂಗ್ ಸೆಂಟರ್. ಶೇ 10ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 63,700 ರೂಪಾಯಿ. ಎರಡು ಪಾಳಿ, ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನವೆಂದರೆ 400 ಗಂಟೆ. ಕಂತನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು 160 ರೂಪಾಯಿ ಬೀಳುತ್ತದೆ. ಕೊಟೇಶನ್ ತಂದುಕೊಟ್ಟವರು ಟೇಬಲ್ಲಿನ ಮೇಲೆ ಹಾಕಿ ತೋರಿಸುವ ಲೆಕ್ಕ ಇದೇ. ಆದರೆ ಯಂತ್ರದ ದೀಪ 400 ಗಂಟೆ ಉರಿದರೂ ಟೂಲ್ ಲೋಹಕ್ಕೆ ತಾಗಿ ಚಿಪ್ಸ್ ಉದುರಿದ್ದು 200 ಗಂಟೆ ಮಾತ್ರವಾಗಿದ್ದರೆ ಅದೇ ಕಂತು ಗಂಟೆಗೆ 319 ರೂಪಾಯಿ. ಕರೆಂಟ್, ಇನ್ಸರ್ಟ್, ಕೂಲಂಟ್, ಸಂಬಳ ಇನ್ನೂ ಸೇರಿಲ್ಲ. ಜಾಬ್ ವರ್ಕಿನ ದರವನ್ನೋ ಮೊದಲ ಲೆಕ್ಕ ಹಿಡಿದು ಒಪ್ಪಿಕೊಂಡಾಗಿರುತ್ತದೆ.

ಉಳಿದ 200 ಗಂಟೆ ಎಲ್ಲಿ ಹೋಯಿತು? ಯಾವ ಶೆಡ್ಡಿನಲ್ಲಿ ಕೇಳಿದರೂ ಕಾರಣಗಳು ಹೆಚ್ಚುಕಡಿಮೆ ಇವೇ: ಜಾಬ್ ಬದಲಾಯಿತು, ಸೆಟ್ಟಿಂಗ್ ನಡೆಯುತ್ತಿತ್ತು. ಫಸ್ಟ್ ಪೀಸ್ ಇನ್‌ಸ್ಪೆಕ್ಷನ್‌ಗೆ ಹೋಗಿ ವಾಪಸ್ ಬರಲಿಲ್ಲ. ಮೆಟೀರಿಯಲ್ ಬಂದಿಲ್ಲ. ಇನ್ಸರ್ಟ್ ಮುಗಿದಿತ್ತು. ಆಪರೇಟರ್ ಊರಿಗೆ ಹೋಗಿದ್ದ. ಕರೆಂಟ್ ಹೋಯಿತು. ಎಲ್ಲರಿಗೂ ಗೊತ್ತಿರುವ ಕಾರಣಗಳು, ಆದರೆ ಯಾವುದಕ್ಕೆ ಎಷ್ಟು ಗಂಟೆ ಎಂಬುದು ಬರೆದಿಟ್ಟವರಿಗೆ ಮಾತ್ರ ಗೊತ್ತು. ಜಪಾನಿನ ಸೈಇಚಿ ನಕಾಜಿಮಾ ಈ ಲೆಕ್ಕಕ್ಕೊಂದು ರೂಪ ಕೊಟ್ಟರು. ಯಂತ್ರ ಲಭ್ಯವಿದ್ದ ಪಾಲು, ಓಡಿದ ವೇಗದ ಪಾಲು, ಸರಿಯಾಗಿ ಬಂದ ಪೀಸುಗಳ ಪಾಲು, ಈ ಮೂರನ್ನೂ ಗುಣಿಸುವುದು. ಶೇ 80 ಲಭ್ಯತೆ, ಶೇ 80 ವೇಗ, ಶೇ 95 ಗುಣಮಟ್ಟ ಎಂದರೆ ಬಿಡಿಬಿಡಿಯಾಗಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಗುಣಿಸಿ ನೋಡಿದರೆ ಸಿಗುವುದು ಶೇ 61.

ಇದಕ್ಕೆ ಸಾಫ್ಟ್‌ವೇರ್ ಬೇಕೆಂದಿಲ್ಲ. ಯಂತ್ರದ ಪಕ್ಕ ಒಂದು ನೋಟ್‌ಬುಕ್, ಅದರಲ್ಲಿ ಆರೇಳು ಕಾಲಂ, ನಿಂತಾಗ ಒಂದು ಗೆರೆ, ಶುರುವಾದಾಗ ಇನ್ನೊಂದು ಗೆರೆ. ಆರು ವಾರ ಬರೆದರೆ ಸಾಕು. ಯಂತ್ರದ ಕರೆಂಟ್ ಅಳೆದು ಓಡಿದ್ದು ಎಷ್ಟು, ನಿಂತದ್ದು ಎಷ್ಟು ಎಂದು ಮೊಬೈಲಿಗೆ ಕಳಿಸುವ ಸಾಧನಗಳು ಈಗ ಸಿಗುತ್ತವೆ. ಅವು ನಿಂತಿದೆ ಎಂದು ಹೇಳುತ್ತವೆ, ಯಾಕೆ ನಿಂತಿತೆಂದು ಹೇಳುವವನು ಆಪರೇಟರ್ ಮಾತ್ರ. ಅವನು ನಿಜ ಬರೆಯಬೇಕಾದರೆ, ಬರೆದದ್ದಕ್ಕೆ ಬೈಗುಳ ಬೀಳುವುದಿಲ್ಲ ಎಂಬ ಧೈರ್ಯ ಅವನಿಗಿರಬೇಕು. ಇಡೀ ಯೋಜನೆಯಲ್ಲಿ ಅತ್ಯಂತ ಕಷ್ಟದ ಭಾಗ ಇದು ಎಂದು ನನ್ನ ನಂಬಿಕೆ. ಆಪರೇಟರ್ ಎಂಟು ನಿಮಿಷ ಇನ್ಸರ್ಟ್ ಹುಡುಕಿದ ಎಂದು ಬರೆದಾಗ ಮಾಲೀಕ ಅವನ ಮೇಲೆ ರೇಗಿದರೆ, ಮರುದಿನದಿಂದ ಆ ನೋಟ್‌ಬುಕ್ಕಿನಲ್ಲಿ ಸುಳ್ಳು ತುಂಬಿಕೊಳ್ಳುತ್ತದೆ.

ಪಶ್ಚಿಮ ಬೆಂಗಳೂರಿನ ಜಾಬ್ ವರ್ಕ್ ಶೆಡ್ಡುಗಳಲ್ಲಿ ಹೊತ್ತು ಹೆಚ್ಚು ಸೋರುವುದು ಸೆಟ್ಟಿಂಗ್‌ನಲ್ಲಿ. ಇಲ್ಲಿ ಲಕ್ಷ ಪೀಸಿನ ಆರ್ಡರ್ ವಿರಳ. ಐವತ್ತು ಪೀಸ್, ನೂರು ಪೀಸ್, ಮತ್ತೆ ಬೇರೆ ಜಾಬ್. ದಿನಕ್ಕೆ ಮೂರು ಜಾಬ್, ಪ್ರತಿ ಸೆಟ್ಟಿಂಗ್‌ಗೆ ಎರಡು ಗಂಟೆ ಎಂದಿಟ್ಟುಕೊಂಡರೆ 16 ಗಂಟೆಯಲ್ಲಿ ಆರು ಗಂಟೆ ಅಲ್ಲೇ ಹೋಯಿತು. ಎರಡು ಗಂಟೆಯನ್ನು ಒಂದಕ್ಕೆ ಇಳಿಸಿದರೆ ಒಂದು ಯಂತ್ರಕ್ಕೆ ತಿಂಗಳಿಗೆ 75 ಗಂಟೆ ಉಳಿಯುತ್ತದೆ. ಐದು ಯಂತ್ರಗಳಿರುವ ಶೆಡ್ಡಿನಲ್ಲಿ 375 ಗಂಟೆ. ಅಂದರೆ ಕಂತಿಲ್ಲದೆ, ಜಾಗವಿಲ್ಲದೆ, ಆರನೆಯ ಯಂತ್ರವೇ ಬಂದ ಹಾಗೆ.

ಸೆಟ್ಟಿಂಗ್ ಹೊತ್ತು ಅರ್ಧವಾಗುವುದು ಕನಸಲ್ಲ. ಶಿಗೆಓ ಶಿಂಗೊ 1969ರಲ್ಲಿ ಟೊಯೋಟಾ ಕಾರ್ಖಾನೆಯ 1,000 ಟನ್ ಪ್ರೆಸ್ಸಿನ ಮುಂದೆ ನಿಂತಾಗ ಅದರ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಅದನ್ನು ಮೊದಲು ತೊಂಬತ್ತು ನಿಮಿಷಕ್ಕೆ ಇಳಿಸಿದರು, ಆಮೇಲೆ ಮೂರು ನಿಮಿಷಕ್ಕೆ. ಪ್ರೆಸ್ ಹಳೆಯದೇ. ಶಿಂಗೊ ಹಿಡಿದ ದಾರಿ ಇಷ್ಟೇ: ಯಂತ್ರ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಯಂತ್ರ ಓಡುತ್ತಿರುವಾಗಲೇ ಮುಗಿಸಿಡಬಹುದಾದ ಕೆಲಸ ಯಾವುದು ಎಂದು ಬೇರೆ ಮಾಡುವುದು. ಮುಂದಿನ ಜಾಬಿನ ಟೂಲ್‌ಗಳನ್ನು ಟ್ರಾಲಿಯಲ್ಲಿ ಜೋಡಿಸಿಡುವುದು, ಫಿಕ್ಸ್ಚರ್ ಒರೆಸಿಡುವುದು, ಪ್ರೋಗ್ರಾಂ ಮೊದಲೇ ಹಾಕಿಡುವುದು, ಗೇಜ್ ತಂದಿಡುವುದು, ಇವೆಲ್ಲ ಸ್ಪಿಂಡಲ್ ತಿರುಗುತ್ತಿರುವಾಗಲೇ ಆಗಬಹುದು. ಇಂಥ ಕೆಲಸ ಕಲಿಸಲು ಸಲಹೆಗಾರರು ಬೇಕೆಂದರೆ ಅದಕ್ಕೂ ನೆರವಿದೆ. 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಸಲಹೆಗೆ ತಗಲುವ ವೆಚ್ಚದ ಶೇ 90ನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಯಂತ್ರದ ಸಾಲಕ್ಕೆ ಬ್ಯಾಂಕಿಗೆ ಅಲೆಯುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಇದಕ್ಕೆ ತೋರಿದರೆ ಸಾಕು.

ಬ್ಯಾಟರಿ ಸತ್ತ ದಿನ

ಸಿಎನ್‌ಸಿ ಯಂತ್ರಗಳ ಹೊಟ್ಟೆಯಲ್ಲಿ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಬಳಕೆಯಲ್ಲಿರುವ ಬಹಳಷ್ಟು ಫ್ಯಾನಕ್ ಕಂಟ್ರೋಲ್‌ಗಳಲ್ಲಿ ಯಂತ್ರದ ಪ್ಯಾರಾಮೀಟರ್, ಟೂಲ್ ಆಫ್‌ಸೆಟ್, ಮೊದಲಾದವು ಕುಳಿತಿರುವ ನೆನಪನ್ನು ಯಂತ್ರ ಆರಿಸಿದಾಗ ಕಾಯುವುದು ಆ ಬ್ಯಾಟರಿ. ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಬದಲಿಸುವಾಗ ಸಾಮಾನ್ಯವಾಗಿ ಯಂತ್ರ ಆನ್ ಆಗಿರಬೇಕು. ಯಂತ್ರ ದಿನಾ ಓಡುತ್ತಿದ್ದರೆ ಬ್ಯಾಟರಿ ಸೋತದ್ದು ಗೊತ್ತೇ ಆಗುವುದಿಲ್ಲ, ಪರದೆಯ ಮೂಲೆಯಲ್ಲಿ ಒಂದು ಎಚ್ಚರಿಕೆ ಮಿನುಗುತ್ತಿರುತ್ತದೆ, ಅಷ್ಟೆ. ಹಬ್ಬದ ರಜೆಗೆ ಮೇನ್ ಸ್ವಿಚ್ ಇಳಿಸಿ ನಾಲ್ಕು ದಿನ ಬಾಗಿಲು ಹಾಕಿದಾಗ ನೆನಪೆಲ್ಲ ಅಳಿಸಿಹೋಗಬಹುದು. ಪ್ಯಾರಾಮೀಟರ್ ಬ್ಯಾಕಪ್ ಇದ್ದರೆ ಕೆಲವೇ ಗಂಟೆಗಳ ಕೆಲಸ. ಇಲ್ಲದಿದ್ದರೆ ಸರ್ವಿಸ್ ಎಂಜಿನಿಯರ್ ಬರುವವರೆಗೂ ಲಕ್ಷಗಟ್ಟಲೆ ಬೆಲೆಯ ಯಂತ್ರ ಸುಮ್ಮನೆ ನಿಂತಿರುತ್ತದೆ.

ಆಯುಧಪೂಜೆ ನಮ್ಮ ಕಾರ್ಖಾನೆಗಳಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ನಿಲ್ಲುವ, ಒಟ್ಟಿಗೆ ತೊಳೆಸಿಕೊಳ್ಳುವ ದಿನ. ಚಿಪ್ಸ್ ಬಳಿದು, ಎಣ್ಣೆ ಒರೆಸಿ, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುವ ಆ ದಿನದ ಶ್ರದ್ಧೆಗೆ ಇನ್ನೆರಡು ಕೆಲಸ ಸೇರಿಸಬಹುದು: ಪೂಜೆಗೆ ಮೊದಲು ಪ್ರತಿ ಯಂತ್ರದ ಪ್ಯಾರಾಮೀಟರನ್ನೂ ಪ್ರೋಗ್ರಾಮುಗಳನ್ನೂ ಕಾರ್ಡಿಗೆ ಇಳಿಸಿಕೊಳ್ಳುವುದು, ಬ್ಯಾಟರಿ ಬದಲಿಸಿ ಅದರ ಮೇಲೆ ದಿನಾಂಕ ಬರೆಯುವುದು. ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಕೆಲಸ ಅದೊಂದೇ ಆದ್ದರಿಂದ ಅದರ ಜೊತೆ ಕಟ್ಟಿದ್ದು ಮರೆತುಹೋಗುವುದಿಲ್ಲ.

ಯಂತ್ರದ ನೆನಪಿಗೆ ಬ್ಯಾಟರಿ ಇದೆ, ಮನುಷ್ಯನ ನೆನಪಿಗೆ ಏನಿದೆ? ಹದಿನೈದು ವರ್ಷದಿಂದ ಇರುವ ಸೆಟ್ಟರ್‌ಗೆ ಯಾವ ಜಾಬಿಗೆ ಎಷ್ಟು ಆಫ್‌ಸೆಟ್, ಯಾವ ವಸ್ತುವಿಗೆ ಯಾವ ಇನ್ಸರ್ಟ್, ಯಾವ ಯಂತ್ರ ಬೆಳಿಗ್ಗೆ ಬಿಸಿಯಾಗುವವರೆಗೆ ಎಷ್ಟು ಮೈಕ್ರಾನ್ ಆಚೀಚೆ ಹೋಗುತ್ತದೆ ಎಂಬುದೆಲ್ಲ ಬಾಯಿಪಾಠ. ಅವರು ಕೆಲಸ ಬಿಟ್ಟ ದಿನ ಕಂಪನಿಯ ಅರ್ಧ ತಂತ್ರಜ್ಞಾನ ಗೇಟು ದಾಟಿ ಹೋಗುತ್ತದೆ. ಎರಡು ಸಾವಿರ ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಪೀಣ್ಯಕ್ಕೋ ಹಾರೋಹಳ್ಳಿಗೋ ಹೋಗುವ ಹುಡುಗರನ್ನು ಮಾಲೀಕರು ಬೈಯುತ್ತಾರೆ. ಆದರೆ ಆ ಹುಡುಗ ಇಲ್ಲಿದ್ದ ಮೂರು ವರ್ಷದಲ್ಲಿ ಅವನಿಗೆ ಏನು ಕಲಿಸಿದೆವು, ಅವನಿಂದ ಏನು ಬರೆಸಿಕೊಂಡೆವು ಎಂಬ ಪ್ರಶ್ನೆಯೂ ಇದೆ. ಪ್ರತಿ ಜಾಬಿಗೊಂದು ಸೆಟ್ಟಿಂಗ್ ಶೀಟ್ ಬೇಕು. ಟೂಲ್‌ಗಳ ಪಟ್ಟಿ, ಜೀರೊ ಎಲ್ಲಿ ಹಿಡಿಯಬೇಕು, ಕ್ಲಾಂಪ್ ಹೇಗೆ ಎಂಬುದರ ಮೊಬೈಲ್ ಫೋಟೊ, ಹಿಂದಿನ ಬಾರಿ ರಿಜೆಕ್ಷನ್ ಆದದ್ದು ಯಾಕೆ ಎಂಬ ಎರಡು ಸಾಲು, ಇಷ್ಟಿದ್ದರೆ ಸಾಕು. ಅದು ಕನ್ನಡದಲ್ಲಿರಲಿ. ಪಾಳಿಯಲ್ಲಿ ಒಡಿಶಾದ, ಬಿಹಾರದ ಹುಡುಗರಿದ್ದರೆ ಹಿಂದಿಯಲ್ಲೂ ಇರಲಿ. ಕಂಪನಿಯ ಕಡತಕ್ಕಾಗಿ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಸೂಚನೆ ಆಡಿಟ್‌ಗೆ ಬಂದವರು ಓದಲಿಕ್ಕಷ್ಟೇ ಆಗುತ್ತದೆ.

ಕಲಿಸಲು ಶೆಡ್ಡಿನಲ್ಲಿ ಯಾರೂ ಇಲ್ಲವೆಂದರೆ ಜಿಟಿಟಿಸಿ ಪಕ್ಕದಲ್ಲೇ ಇದೆ. ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾದಿಂದಲೇ ಅದು ಹೆಚ್ಚು ಹೆಸರಾದರೂ ಕೆಲಸದಲ್ಲಿರುವವರಿಗೆಂದು ಕಿರು ಅವಧಿಯ ತರಗತಿಗಳೂ ಅಲ್ಲಿವೆ. ವರ್ಷದ ಯೋಜನೆಯ ಹಾಳೆಯಲ್ಲಿ ಯಂತ್ರದ ಹೆಸರಿನ ಎದುರು ಬೆಲೆ ಬರೆಯುವಂತೆ, ಇಬ್ಬರು ಆಪರೇಟರುಗಳ ಹೆಸರಿನ ಎದುರು ಅವರು ಕಲಿಯಬೇಕಾದ ವಿಷಯವನ್ನೂ ಹೋಗಬೇಕಾದ ತಿಂಗಳನ್ನೂ ಬರೆಯಬೇಕು. ಕಲಿತು ಬಂದವನಿಗೆ ಸಂಬಳ ಹೆಚ್ಚಿಸಲು ಹಣವನ್ನೂ ಎತ್ತಿಡಬೇಕು. ಕಲಿತ ಮೇಲೆ ಹಳೆಯ ಸಂಬಳವನ್ನೇ ಕೊಟ್ಟರೆ ಅವನು ಹೋಗುವುದು ನ್ಯಾಯವೇ.

ಮೂಲೆಯ ಕಂಪ್ಯೂಟರ್

ಯಂತ್ರಗಳ ಮಾತು ಬಂದಾಗ ಕಚೇರಿಯ ಮೂಲೆಯ ಕಂಪ್ಯೂಟರ್ ಯಾರಿಗೂ ನೆನಪಾಗುವುದಿಲ್ಲ. ಟ್ಯಾಲಿ ಅದರಲ್ಲೇ, ಗ್ರಾಹಕರ ಡ್ರಾಯಿಂಗ್ ಅದರಲ್ಲೇ, ಕ್ಯಾಮ್ ಸಾಫ್ಟ್‌ವೇರ್ ಅದರಲ್ಲೇ, ಯಂತ್ರಕ್ಕೆ ಪ್ರೋಗ್ರಾಂ ಹೋಗುವುದೂ ಅದರಿಂದಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳು, ಟಿಪಿಎಂ 2.0 ಇಲ್ಲದ ಯಂತ್ರಗಳು ಅದಕ್ಕೆ ಒಗ್ಗುವುದಿಲ್ಲ. ಹಾಗೆಂದು ಎಲ್ಲವನ್ನೂ ಒಮ್ಮೆಗೇ ಎಸೆಯಬೇಕಿಲ್ಲ. ಇಂಟರ್ನೆಟ್ ಬೇಕಾದ ಕಂಪ್ಯೂಟರ್ ಬೇರೆ, ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಕಂಪ್ಯೂಟರ್ ಬೇರೆ ಮಾಡಿ, ಹಳೆಯದನ್ನು ಇಂಟರ್ನೆಟ್‌ನಿಂದ ಬಿಡಿಸಿ ಎರಡನೆಯ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಹೊಸದು ಕೊಳ್ಳಬೇಕಾದದ್ದು ಮೊದಲನೆಯದಕ್ಕೆ.

ನಮ್ಮಂಥ ಚಿಕ್ಕವರ ಮೇಲೆ ಯಾರು ಕಣ್ಣು ಹಾಕುತ್ತಾರೆ ಎಂಬ ಮಾತು ಇಲ್ಲಿ ಪದೇ ಪದೇ ಕೇಳಿಬರುತ್ತದೆ. ಜಪಾನಿನ ಕೊಜಿಮಾ ಇಂಡಸ್ಟ್ರೀಸ್ ಎಂಬ ಬಿಡಿಭಾಗ ತಯಾರಕರ ಕಥೆ ಅವರು ಕೇಳಬೇಕು. 2022ರ ಫೆಬ್ರವರಿ ಕೊನೆಯಲ್ಲಿ ಆ ಕಂಪನಿಯ ಕಂಪ್ಯೂಟರುಗಳಿಗೆ ದಾಳಿಕೋರರು ನುಗ್ಗಿದರು. ದಾರಿ ಸಿಕ್ಕಿದ್ದು ಅದರ ಅಂಗಸಂಸ್ಥೆಯೊಂದರ ದೂರಸಂಪರ್ಕ ಸಾಧನದ ಮೂಲಕ. ಮಾರ್ಚ್ 1ರಂದು ಟೊಯೋಟಾ ಜಪಾನಿನ ತನ್ನ 14 ಕಾರ್ಖಾನೆಗಳ 28 ಲೈನುಗಳನ್ನು ನಿಲ್ಲಿಸಿತು, ಸುಮಾರು 13,000 ವಾಹನಗಳ ಉತ್ಪಾದನೆ ತಪ್ಪಿತು. ಕೆಂಗೇರಿ ದಾಟಿದರೆ ಬಿಡದಿ, ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಇದೆ, ಬಾಷ್ ಇದೆ. ಅಂಥ ದೊಡ್ಡವರಿಗೆ ಬಿಡಿಭಾಗ ಕೊಡುವವರಿಗೆ, ಅವರಿಗೆ ಕೊಡುವವರಿಗೂ, ನಿಮ್ಮ ಕಂಪ್ಯೂಟರುಗಳು ಎಷ್ಟು ಭದ್ರ ಎಂಬ ಪ್ರಶ್ನಾವಳಿ ಇಂದಲ್ಲ ನಾಳೆ ಬರುತ್ತದೆ. 2018ರ ಆಗಸ್ಟಿನಲ್ಲಿ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯಲ್ಲಿ ಆದದ್ದು ಇನ್ನೂ ಕಿವಿಗೊಡಬೇಕಾದ ವಿಷಯ. ಹೊಸ ಉಪಕರಣವೊಂದಕ್ಕೆ ಸಾಫ್ಟ್‌ವೇರ್ ಹಾಕುವಾಗ ವೈರಸ್ ಪರೀಕ್ಷೆ ತಪ್ಪಿಹೋಗಿ, ಅಲ್ಲಿಂದ ವೈರಸ್ ಕಾರ್ಖಾನೆಯ ಅನೇಕ ಯಂತ್ರಗಳಿಗೆ ಹರಡಿತು. ಹೊಸ ಯಂತ್ರ ಬಂದ ದಿನ ಸರ್ವಿಸಿನವರ ಪೆನ್‌ಡ್ರೈವ್ ನಮ್ಮ ಶೆಡ್ಡುಗಳಲ್ಲೂ ಯಾರ ಪರೀಕ್ಷೆಯೂ ಇಲ್ಲದೆ ಒಳಗೆ ಹೋಗುತ್ತದೆ.

ಲೆಕ್ಕಪತ್ರದ ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಸರ್ಕಾರವೇ ಯೋಜನೆ ಮಾಡಿಬಿಟ್ಟಿದೆ. 2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳು ಬಳಸುವ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಗುರುತು ಉಳಿಯಬೇಕು. ಅದೇ ವರ್ಷದ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. 2020ರಲ್ಲಿ 500 ಕೋಟಿಯಿಂದ ಶುರುವಾದ ಮಿತಿ ಮೂರೇ ವರ್ಷದಲ್ಲಿ ಇಲ್ಲಿಗೆ ಇಳಿದಿದೆ. ಈಗ ನಾಲ್ಕು ಕೋಟಿಯಲ್ಲಿರುವವರು ಈ ವರ್ಷವೇ ಅದಕ್ಕೆ ಸಿದ್ಧವಾಗಿರುವುದು ಒಳ್ಳೆಯದು.

ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬಂದರೆ, ಇಂಗ್ಲಿಷಿನಲ್ಲಿ ಕೊಟೇಶನ್ ಬರೆಯಲು, ಗ್ರಾಹಕರ ಉದ್ದದ ಇಮೇಲನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಲು ಅದು ನಿಜಕ್ಕೂ ದೊಡ್ಡ ಸಹಾಯ. ಇಂಗ್ಲಿಷಿಗೆ ಹೆದರಿ ಹೊರದೇಶದ ಗ್ರಾಹಕರಿಗೆ ಪತ್ರ ಬರೆಯದೇ ಉಳಿದ ಎಷ್ಟೋ ಕೈಗುಣದ ಕೆಲಸಗಾರರಿಗೆ ಇದು ಬಾಗಿಲು ತೆರೆದಿದೆ. ಅದು ಬರೆದುಕೊಟ್ಟ ಜಿ-ಕೋಡ್ ಮಾತ್ರ ಡ್ರೈ ರನ್ ಮಾಡದೆ, ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದೇ ಸಾಲು ಓಡಿಸಿ ನೋಡದೆ ಜಾಬಿನ ಮೇಲೆ ಬಿಡುವಂತಿಲ್ಲ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಗ್ರಾಹಕರ ಡ್ರಾಯಿಂಗನ್ನು ಉಚಿತ ಆ್ಯಪ್‌ಗೆ ಹಾಕಿ ಅಳತೆ ಓದಿಸುವುದು ಬಹಳ ಸುಲಭ. ಆ ಡ್ರಾಯಿಂಗ್ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ಪಡೆದದ್ದು. ರಕ್ಷಣೆಯ, ವಿಮಾನದ, ಬಾಹ್ಯಾಕಾಶದ ಕೆಲಸವಾದರೆ ಕೇಳುವುದೇ ಬೇಡ. ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂದು ಗೋಡೆಯ ಮೇಲೆ ಎರಡು ಸಾಲು ಬರೆದು ಅಂಟಿಸಲು ಈ ವರ್ಷವೇ ಸರಿಯಾದ ಸಮಯ, ಏಕೆಂದರೆ ಶೆಡ್ಡಿನ ಹುಡುಗರೆಲ್ಲರ ಮೊಬೈಲಿನಲ್ಲೂ ಆ ಆ್ಯಪ್ ಈಗಾಗಲೇ ಬಂದು ಕೂತಿದೆ.

ಯಾರ ಎಂಜಿನ್ನಿಗೆ?

ಇಷ್ಟೆಲ್ಲ ಸರಿಯಾದ ಮೇಲೂ ಕೊಳ್ಳಬೇಕಾದ ಯಂತ್ರ ಯಾವುದೆಂಬುದು ಶೆಡ್ಡಿನೊಳಗೆ ನಿರ್ಧಾರವಾಗುವುದಿಲ್ಲ. 1951ರಲ್ಲಿ ಹುಟ್ಟಿದ ಮೈಕೋ (ಇಂದಿನ ಬಾಷ್) ಬೆಂಗಳೂರಿಗೆ ಬಂದ ಮೇಲೆ ಡೀಸೆಲ್ ಪಂಪು, ಎಂಜಿನ್ನಿನ ಬಿಡಿಭಾಗಗಳ ಸುತ್ತ ಈ ಊರಿನಲ್ಲಿ ಒಂದು ದೊಡ್ಡ ಜಾಬ್ ವರ್ಕ್ ಬಳಗ ಬೆಳೆಯಿತು. ವಿದ್ಯುತ್ ವಾಹನದಲ್ಲಿ ಇಂಧನ ಪಂಪಿಲ್ಲ, ಇಂಜೆಕ್ಟರ್ ಇಲ್ಲ, ವಾಲ್ವ್ ಗೈಡ್ ಇಲ್ಲ. ಮೋಟರಿನ ಶಾಫ್ಟ್ ಇದೆ, ಅದು ಟರ್ನಿಂಗ್ ಸೆಂಟರಿನಲ್ಲಿ ಆಗುವ ಕೆಲಸವೇ. ಮೋಟರಿನ ಮತ್ತು ಬ್ಯಾಟರಿಯ ಅಲ್ಯೂಮಿನಿಯಂ ಹೌಸಿಂಗ್ ಇದೆ, ಅದು ಡೈ ಕಾಸ್ಟಿಂಗ್ ಆದಮೇಲೆ ವಿಎಂಸಿಗೋ ಎಚ್‌ಎಂಸಿಗೋ ಬರುವ ಕೆಲಸ. ವಿಮಾನದ ಭಾಗಗಳ ಕಡೆ ಹೊರಳಬೇಕೆಂದರೆ ಯಂತ್ರಕ್ಕಿಂತ ಮೊದಲು ಎಎಸ್9100 ಪ್ರಮಾಣಪತ್ರ ಬೇಕು. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಪ್ರತಿ ಪೀಸಿನ ದಾಖಲೆ ಇಡುವ ಅಭ್ಯಾಸ ಬೇಕು. ಮೂರೂ ದಾರಿಗೆ ಮೂರು ಬೇರೆ ಯಂತ್ರ, ಮೂರು ಬೇರೆ ತರಬೇತಿ. ಡೀಸೆಲ್ ನಾಳೆಯೇ ನಿಲ್ಲುವುದಿಲ್ಲ, ಲಾರಿ, ಟ್ರಾಕ್ಟರ್, ಜನರೇಟರ್‌ಗಳು ಇನ್ನೂ ಬಹಳ ಕಾಲ ಇರುತ್ತವೆ. ಆದರೂ ಐದು ವರ್ಷದ ಸಾಲ ಮಾಡುವವರು ಆ ಐದು ವರ್ಷ ಆ ಪೀಸು ಯಾರ ಎಂಜಿನ್ನಿಗೆ ಹೋಗುತ್ತದೆ ಎಂದು ಗ್ರಾಹಕರ ಕಚೇರಿಯಲ್ಲಿ ಕೂತು ಕೇಳಬೇಕು. ಪರ್ಚೇಸ್ ವಿಭಾಗಕ್ಕೆ ಈ ಉತ್ತರ ಗೊತ್ತಿರುವುದಿಲ್ಲ, ಡಿಸೈನ್ ವಿಭಾಗದವರಿಗೆ ಗೊತ್ತಿರುತ್ತದೆ.

ತಂತ್ರಜ್ಞಾನ ಬದಲಾದಾಗ ಹಿಂದೆ ಉಳಿಯುವುದನ್ನು ಈ ಊರು ಒಮ್ಮೆ ಕಂಡಿದೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರ ಶುರು ಮಾಡಿದ ಎಚ್‌ಎಂಟಿಗೆ ಕ್ವಾರ್ಟ್ಜ್ ತಂತ್ರಜ್ಞಾನ ಗೊತ್ತಿರಲಿಲ್ಲವೆಂದಲ್ಲ, ಅದು ತಾನೇ ಕ್ವಾರ್ಟ್ಜ್ ಗಡಿಯಾರ ಮಾಡಿತ್ತು. ಆದರೆ ಅದರ ಹೆಸರು, ಯಂತ್ರ, ಕೈಚಳಕ ಎಲ್ಲವೂ ಕೀಲಿ ಕೊಡುವ ಗಡಿಯಾರದ ಸುತ್ತಲೇ ಇತ್ತು. 1984ರಲ್ಲಿ ಹುಟ್ಟಿದ ಟೈಟನ್ ಹೊಸೂರಿನಿಂದ ಕ್ವಾರ್ಟ್ಜ್ ಅನ್ನೇ ನೆಚ್ಚಿಕೊಂಡು ಬಂತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ ಕಲಿತ ಕೈಗಳು ಪಶ್ಚಿಮ ಬೆಂಗಳೂರಿನ ಎಷ್ಟೋ ಶೆಡ್ಡುಗಳನ್ನು ಕಟ್ಟಿವೆ ಎನ್ನುವಾಗ ಆ ನೋವು ಇಲ್ಲಿಯವರಿಗೆ ಹೊರಗಿನದಲ್ಲ.

ಪಂಚಾಂಗ ಮತ್ತು ಅಕ್ಟೋಬರ್ 3

ಹಣದ ಮಾತು. ಎಂಎಸ್‌ಎಂಇಡಿ ಕಾಯ್ದೆ ಬಂದದ್ದು 2006ರಲ್ಲಿ. ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಸಣ್ಣವರ ಬಿಲ್ ಪಾವತಿಯಾಗಬೇಕೆಂದು ಅದು ಹೇಳಿತು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಕಾಗದದಲ್ಲೇ ಉಳಿದಿದ್ದ ಈ ಮಾತಿಗೆ ಹಲ್ಲು ಬಂದದ್ದು 2024-25ರ ತೆರಿಗೆ ಅಂದಾಜು ವರ್ಷದಿಂದ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡದ ಕಂಪನಿ, ಕೊಡುವವರೆಗೆ ಅದನ್ನು ತನ್ನ ಖರ್ಚೆಂದು ತೋರಿಸುವಂತಿಲ್ಲ. ಇದರ ಪ್ರಯೋಜನಕ್ಕೆ ಉದ್ಯಮ್ ನೋಂದಣಿ ಇರಬೇಕು, ಬಿಲ್ಲಿನ ಮೇಲೆ ಅದರ ಸಂಖ್ಯೆ ಇದ್ದರೆ ಒಳ್ಳೆಯದು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಗೆ ಸೇರಲೇಬೇಕೆಂಬ ನಿಯಮವೂ ಬಂದಿದೆ. ಅಲ್ಲಿ ಬಿಲ್ ಒಪ್ಪಿತವಾದರೆ ಬ್ಯಾಂಕುಗಳು ಮುಂಚೆಯೇ ಹಣ ಕೊಡುತ್ತವೆ. ಸಿಕ್ಕಿಬಿದ್ದಿರುವ ಬಾಕಿಯಲ್ಲಿ ಎಷ್ಟು ಈ ದಾರಿಯಿಂದ ಬರಬಹುದು ಎಂದು ಲೆಕ್ಕ ಹಾಕಿದ ಮೇಲೆ ಸಾಲದ ಮೊತ್ತ ಬರೆಯುವುದು ಸರಿಯಾದ ಕ್ರಮ.

ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಶೇ 15ರ ಸವಕಳಿ ಇದೆ. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾದ ಯಂತ್ರಕ್ಕೆ ಅದರ ಅರ್ಧ ಮಾತ್ರ. ಮೂವತ್ತು ಲಕ್ಷದ ಯಂತ್ರವಾದರೆ ನಾಲ್ಕೂವರೆ ಲಕ್ಷದ ಬದಲು ಎರಡೂಕಾಲು ಲಕ್ಷ. ಉಳಿದದ್ದು ಮುಂದಿನ ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ, ಕಳೆದುಹೋಗುವುದಿಲ್ಲ. ಆದರೆ ಕೈಯಲ್ಲಿ ಹಣ ಬೇಕಾದದ್ದು ಮೊದಲ ವರ್ಷದಲ್ಲೇ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ 180 ದಿನ ಸಿಗಲು ಯಂತ್ರ ಅಕ್ಟೋಬರ್ 3ರೊಳಗೆ ಚಾಲೂ ಆಗಿರಬೇಕು.

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದದ್ದರಿಂದ ಹಬ್ಬಕ್ಕೆ ಯಂತ್ರ ತಂದವರಿಗೆ ತೆರಿಗೆಯ ಲೆಕ್ಕವೂ ಕೂಡಿಬಂತು. 2026ರಲ್ಲಿ ಹಾಗಿಲ್ಲ. ಅಧಿಕ ಜ್ಯೇಷ್ಠ ಮಾಸ ಬರುವುದರಿಂದ ದಸರಾ ಅಕ್ಟೋಬರ್ ಮೂರನೇ ವಾರಕ್ಕೆ ಸರಿಯುತ್ತದೆ. ಅಕ್ಟೋಬರ್ 3 ಬೀಳುವುದು ಪಿತೃಪಕ್ಷದಲ್ಲಿ, ಆಗ ಹೊಸ ಯಂತ್ರಕ್ಕೆ ಪೂಜೆ ಮಾಡಲು ನಮ್ಮಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಹಾಗಾಗಿ ಈ ವರ್ಷ ಯಂತ್ರ ತರುವವರಿಗೆ ಸರಿಯಾದ ದಿನಗಳು ಸೆಪ್ಟೆಂಬರ್ 14ರ ಗಣೇಶ ಚತುರ್ಥಿಯಿಂದ 26ರ ಹುಣ್ಣಿಮೆಯವರೆಗೆ. ಆರ್ಡರ್ ಕೊಟ್ಟ ಮೇಲೆ ಯಂತ್ರ ಕೈಸೇರಲು ಮೂರು ತಿಂಗಳು ಹಿಡಿಯುತ್ತದೆಂದುಕೊಂಡರೆ ಜೂನ್ ಮಧ್ಯದೊಳಗೆ ಮುಂಗಡ ಹೋಗಿರಬೇಕು. ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಅದರಲ್ಲಿ ಬೇಡವೆನ್ನುವವರು ಏಪ್ರಿಲ್ ಮೂರನೇ ವಾರದ ಅಕ್ಷಯ ತೃತೀಯದಿಂದ ಮೇ ಮಧ್ಯದೊಳಗೆ ಮುಗಿಸಬೇಕು. ಅದಕ್ಕೆ ಮೊದಲು ಬ್ಯಾಂಕಿನ ಕಾಗದ, ಅದಕ್ಕೂ ಮೊದಲು ಗ್ರಾಹಕರ ಡಿಸೈನ್ ವಿಭಾಗದ ಭೇಟಿ. ಯಂತ್ರದ ಪಕ್ಕದ ನೋಟ್‌ಬುಕ್ಕಿನಲ್ಲಿ ಆರು ವಾರದ ಗೆರೆಗಳು ಮಾರ್ಚ್ 19ರ ಯುಗಾದಿಯ ಹೊತ್ತಿಗೆ ತುಂಬಬೇಕಾದರೆ ಫೆಬ್ರವರಿ ಮೊದಲ ವಾರದಲ್ಲೇ ಬರೆಯಲು ಶುರು ಮಾಡಬೇಕು.